ನಡೆದು ನೋಡುವ ಪರದೆ

ಭೀಷ್ಮನನ್ನು ಕಾಣಲು ಹೊರಟ ದುರ್ಯೋಧನ ರಣಭೂಮಿಯನ್ನು ಹಾಯ್ದೇ ಹೋಗಬೇಕು. ಜೊತೆಗಿರುವವನು ಸಂಜಯನೊಬ್ಬ. ದಾರಿಯಲ್ಲಿ ಒಂದು ಕಡೆ ಗುರು ದ್ರೋಣ ಬಿದ್ದಿದ್ದಾನೆ, ಇನ್ನೊಂದು ಕಡೆ ಅಭಿಮನ್ಯು, ಮುಂದೆ ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಒಂದೊಂದು ಹೆಣದ ಮುಂದೆ ಅವನು ನಿಂತಾಗಲೂ ಹಿಂದಿನ ಕಥೆಯ ಒಂದು ತುಂಡು ಎದ್ದು ಬರುತ್ತದೆ. ಹತ್ತನೆಯ ಶತಮಾನದಲ್ಲಿ ಮುದುವೊಳಲು ಎಂಬ ಊರಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ತನ್ನ ಗದಾಯುದ್ಧದಲ್ಲಿ ಭಾರತದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಹೇಳಲು ಹೋಗಲಿಲ್ಲ. ಕಥೆಯನ್ನು ನೆಲದ ಮೇಲೆ ಹರಡಿಟ್ಟ. ನಡೆಯುವವನ ಹೆಜ್ಜೆ ಎಲ್ಲಿ ತಡೆಯುತ್ತದೋ ಅಲ್ಲಿ ಕಥೆ ತೆರೆದುಕೊಳ್ಳುವಂತೆ ಮಾಡಿದ. ಸಾವಿರ ವರ್ಷಗಳ ಮೇಲೆ, 2004ರಲ್ಲಿ, ಅಮೆರಿಕದ ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್ ವಿಡಿಯೊ ಗೇಮ್‌ಗಳ ಬಗ್ಗೆ ಬರೆಯುತ್ತ ಇದೇ ದಿಕ್ಕಿನ ವಾದ ಮುಂದಿಟ್ಟರು: ಗೇಮ್ ಮಾಡುವವರು ಕಥೆ ಹೇಳುವವರೆನ್ನುವುದಕ್ಕಿಂತ ಕಥೆ ಅಡಗಿರುವ ಜಾಗಗಳನ್ನು ಕಟ್ಟುವವರು. ಈ ಮಾತು ವಿಶ್ವವಿದ್ಯಾಲಯಗಳಲ್ಲಿ ಹೊಸತೆನಿಸಿದ್ದಿರಬಹುದು. ರನ್ನನ ಊರಿನಲ್ಲಿ ಅದು ಹೊಸದಾಗಿ ಕೇಳಿಸಬೇಕಾಗಿಲ್ಲ.

ಕಳೆದ ಕೆಲವು ದಶಕಗಳಲ್ಲಿ ಕಲಾಪ್ರದರ್ಶನಗಳ ಗೋಡೆಗಳ ಮೇಲೆ ಕ್ಯಾನ್ವಾಸಿನ ಪಕ್ಕದಲ್ಲಿ ಪರದೆಗಳು ಬಂದು ಕೂತಿವೆ. ಮೊದಲು ಟಿ.ವಿ., ಆಮೇಲೆ ಪ್ರೊಜೆಕ್ಟರು, ಈಗ ಕೈಯಲ್ಲಿ ಕಂಟ್ರೋಲರ್ ಹಿಡಿದು ಒಳಹೊಕ್ಕು ತಿರುಗುವ ಗೇಮ್ ಲೋಕಗಳು. ನೋಡಲು ಬಂದವರಿಗೆ ಏಳುವ ಪ್ರಶ್ನೆ ಸಹಜವಾದದ್ದು. ಮನೆಯಲ್ಲಿ ಮಕ್ಕಳ ಕೈಯಿಂದ ಕಿತ್ತುಕೊಳ್ಳುವ ಮೊಬೈಲಿನಲ್ಲಿ ಇರುವುದಕ್ಕೂ ಇಲ್ಲಿ ಕಲೆಯೆಂದು ತೋರಿಸುತ್ತಿರುವುದಕ್ಕೂ ಏನು ವ್ಯತ್ಯಾಸ? ಪರದೆ ಹೊಳೆಯುತ್ತದೆ, ಚಲಿಸುತ್ತದೆ, ದುಬಾರಿಯಾಗಿದೆ ಎಂಬ ಕಾರಣಕ್ಕೆ ಅದು ಕಲೆಯಾಗುವುದಿಲ್ಲ. ಪರದೆ ಒಂದು ಜಾಗವಾಗಿ, ಆ ಜಾಗಕ್ಕೆ ತನ್ನದೇ ಕಟ್ಟಳೆಗಳಿದ್ದು, ಆ ಕಟ್ಟಳೆಗಳು ನಮ್ಮ ಹೆಜ್ಜೆಗೆ ಉತ್ತರ ಕೊಡುವಾಗ ಮಾತ್ರ ಚಿತ್ರಕ್ಕೂ ಸಿನಿಮಾಕ್ಕೂ ಆಗದ ಒಂದು ಕೆಲಸ ಅಲ್ಲಿ ನಡೆಯುತ್ತದೆ. ಆ ಕೆಲಸಕ್ಕೆ ಬೇಕಾದ ಬುದ್ಧಿ ಮಹಾನಗರದ ಸ್ವತ್ತಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಅದು ಬೇರೆ ಬೇರೆ ರೂಪದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ.

ಪರದೆ ಜಾಗವಾದದ್ದು

ಪರದೆ ಕಲೆಯೊಳಗೆ ಮೊದಲು ಬಂದದ್ದು ಒಂದು ವಸ್ತುವಾಗಿ. ಕೊರಿಯಾ ಮೂಲದ ನಾಮ್ ಜೂನ್ ಪೈಕ್ 1974ರಲ್ಲಿ ‘ಟಿ.ವಿ. ಬುದ್ಧ’ ಮಾಡಿದಾಗ ಕುಳಿತ ಬುದ್ಧನ ಎದುರು ಒಂದು ಟಿ.ವಿ. ಇಟ್ಟು, ಕ್ಯಾಮೆರಾದ ಮೂಲಕ ಅವನ ಬಿಂಬವನ್ನೇ ಅವನಿಗೆ ತೋರಿಸಿದರು. ಭಾರತದಲ್ಲಿ ತೊಂಬತ್ತರ ದಶಕದಲ್ಲಿ ನಳಿನಿ ಮಲಾನಿ, ಬೆಂಗಳೂರಿನ ಪುಷ್ಪಮಾಲಾ ಮೊದಲಾದವರು ವಿಡಿಯೊವನ್ನು ಚಿತ್ರಕಲೆಯ ಜೊತೆಗಿನ ಮಾಧ್ಯಮವಾಗಿ ತೆಗೆದುಕೊಂಡರು. ಇವೆಲ್ಲದರಲ್ಲೂ ನೋಡುವವರು ಹೊರಗೇ ನಿಂತಿರುತ್ತಾರೆ. ಆಸ್ಟ್ರೇಲಿಯಾದ ಜೆಫ್ರಿ ಶಾ 1988ರಿಂದ 1991ರ ನಡುವೆ ಮಾಡಿದ ‘ದಿ ಲೆಜಿಬಲ್ ಸಿಟಿ’ ಆ ಗೆರೆಯನ್ನು ದಾಟಿತು. ಕತ್ತಲ ಕೋಣೆಯಲ್ಲಿ ನಿಂತಲ್ಲೇ ನಿಂತಿರುವ ಒಂದು ಸೈಕಲ್, ಎದುರಿಗೆ ದೊಡ್ಡ ಪರದೆ. ಪೆಡಲ್ ತುಳಿದರೆ ಪರದೆಯಲ್ಲಿ ಬೀದಿ ಮುಂದೆ ಸರಿಯುತ್ತದೆ, ಹ್ಯಾಂಡಲ್ ತಿರುಗಿಸಿದರೆ ಅಡ್ಡರಸ್ತೆ ಹಿಡಿಯಬಹುದು. ಮ್ಯಾನ್‌ಹ್ಯಾಟನ್, ಆಮ್‌ಸ್ಟರ್‌ಡ್ಯಾಮ್, ಕಾರ್ಲ್ಸ್‌ರುಹೆ ನಗರಗಳ ನಿಜವಾದ ನಕ್ಷೆ. ಆದರೆ ಕಟ್ಟಡಗಳ ಜಾಗದಲ್ಲಿ ನಿಂತಿರುವುದು ಆಳೆತ್ತರಕ್ಕೂ ಮಿಗಿಲಾದ ಅಕ್ಷರಗಳು. ಬಲಕ್ಕೆ ತಿರುಗಿದರೆ ಒಂದು ವಾಕ್ಯ, ಎಡಕ್ಕೆ ತಿರುಗಿದರೆ ಇನ್ನೊಂದು. ನಿಧಾನ ತುಳಿದರೆ ಓದು ನಿಧಾನ. ದಣಿವಾಗಿ ನಿಲ್ಲಿಸಿದರೆ ಕಥೆಯೂ ನಿಂತಿತು. ಇಲ್ಲಿ ಓದುವವರ ಮೈ ಓದಿನ ಭಾಗವಾಗಿದೆ. ದಾರಿ ಆರಿಸುವುದೇ ಅರ್ಥ ಕಟ್ಟುವುದು. ಇದು ಸಾಧ್ಯವಾದ ಮೇಲೆ ಪರದೆಯನ್ನು ಬರೀ ಚಲಿಸುವ ಚಿತ್ರ ಎನ್ನುವುದು ತಪ್ಪಾಗುತ್ತದೆ.

ಆದರೆ ಜಾಗ ಇದ್ದರೆ ಸಾಲದು. ಆ ಜಾಗ ಯಾರು ಮಾಡಿದ್ದು, ಯಾವ ಕಟ್ಟಳೆಯಿಂದ ಮಾಡಿದ್ದು ಎಂಬುದನ್ನು ನೋಡುವವರ ಗಮನಕ್ಕೆ ತರುವಾಗ ಕಲೆಯ ಕೆಲಸ ಶುರುವಾಗುತ್ತದೆ. ಇದಕ್ಕೆ ಚಿಕ್ಕದಾದರೂ ಚೊಕ್ಕ ಉದಾಹರಣೆ ಅಮೆರಿಕದ ಕೋರಿ ಆರ್ಕೇಂಜಲ್ 2002ರಲ್ಲಿ ಮಾಡಿದ ‘ಸೂಪರ್ ಮಾರಿಯೊ ಕ್ಲೌಡ್ಸ್’. 1985ರ ಸೂಪರ್ ಮಾರಿಯೊ ಗೇಮಿನ ಕಾರ್ಟ್ರಿಜ್ ಬಿಚ್ಚಿ, ಅದರ ಪ್ರೋಗ್ರಾಂ ಇರುವ ಚಿಪ್ಪನ್ನು ತೆಗೆದು ತಾವೇ ಬರೆದ ಪ್ರೋಗ್ರಾಮಿನ ಚಿಪ್ಪು ಕೂಡಿಸಿದರು. ಓಡುವ ಮಾರಿಯೊ ಇಲ್ಲ, ನಾಣ್ಯ ಇಲ್ಲ, ಶತ್ರುಗಳಿಲ್ಲ, ನೆಲವೂ ಇಲ್ಲ. ನೀಲಿ ಆಕಾಶದಲ್ಲಿ ಬಿಳಿ ಮೋಡಗಳು ತಮ್ಮಷ್ಟಕ್ಕೆ ಸರಿಯುತ್ತಿರುತ್ತವೆ, ಅಷ್ಟೆ. ಆ ಮೋಡವನ್ನು ಹತ್ತಿರದಿಂದ ನೋಡಿದರೆ ಅಂಚಿನ ಮೆಟ್ಟಿಲು ಮೆಟ್ಟಿಲಾದ ಚೌಕಗಳು ಕಾಣುತ್ತವೆ. ಇಡೀ ಗೇಮನ್ನು 40 ಕಿಲೊಬೈಟ್ ಜಾಗದಲ್ಲಿ ತುರುಕಬೇಕಿದ್ದರಿಂದ ಅದನ್ನು ಮೊದಲು ಮಾಡಿದವರು ಮೋಡದ ಆಕಾರವನ್ನೇ ಹಸಿರು ಬಳಿದು ನೆಲದ ಪೊದೆಯಾಗಿ ಬಳಸಿದ್ದರು. ಆಟದ ಗಡಿಬಿಡಿಯಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಗೆಲ್ಲುವ ಆತುರವನ್ನು ಕಿತ್ತುಹಾಕಿದಾಗ, ಆಟವಾಡುತ್ತ ನೋಡದೇ ಬಿಟ್ಟದ್ದು ಕಣ್ಣಿಗೆ ಬೀಳುತ್ತದೆ: ಇದೊಂದು ಎಣಿಸಿ ಜೋಡಿಸಿದ ಚೌಕಗಳ ಲೋಕ.

ಚೌಕ ಎಣಿಸುವ ಊರು

ಚೌಕಗಳನ್ನು ಎಣಿಸಿ ಚಿತ್ರ ಕಟ್ಟುವುದು ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ದಿನನಿತ್ಯದ ಮಾತು. ಸೀರೆಯ ದಡಿಯಲ್ಲೋ ಸೆರಗಿನಲ್ಲೋ ಒಂದು ಹೂವು ಬರಬೇಕಾದರೆ ಅದನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಇಳಿಸಬೇಕು. ಒಂದು ಚೌಕ ಎಂದರೆ ಹಾಸಿನ ಎಳೆ ಹೊಕ್ಕಿನ ಎಳೆಯನ್ನು ದಾಟುವ ಒಂದು ಜಾಗ. ತುಂಬಿದ ಚೌಕವಾದರೆ ಹಾಸು ಮೇಲೇಳಬೇಕು, ಖಾಲಿ ಚೌಕವಾದರೆ ಕೆಳಗೇ ಇರಬೇಕು. ಆ ಹಾಳೆಯನ್ನು ನೋಡಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ. ಮಗ್ಗದ ಮೇಲಿನ ಜಕಾರ್ಡ್ ಯಂತ್ರದ ಸೂಜಿ ತೂತು ಸಿಕ್ಕಲ್ಲಿ ಒಳಹೋಗುತ್ತದೆ, ಅದರ ಕೊಕ್ಕೆ ಎಳೆಯನ್ನು ಎತ್ತುತ್ತದೆ. ತೂತಿಲ್ಲದಲ್ಲಿ ಸೂಜಿ ಹಿಂದೆ ತಳ್ಳಿಸಿಕೊಳ್ಳುತ್ತದೆ, ಎಳೆ ಏಳುವುದಿಲ್ಲ. ಲಾಳಿ ಒಮ್ಮೆ ಹಾಯಲು ಒಂದು ಪಟ್ಟಿ. ಹೂವಿಗೆ 200 ಹೊಕ್ಕು ಬೇಕಿದ್ದರೆ 200 ಪಟ್ಟಿ. ಒಂದು ತೂತು ತಪ್ಪಿದರೆ ಆ ತಪ್ಪು ಪ್ರತಿ ಹೂವಿನಲ್ಲೂ ಅದೇ ಜಾಗದಲ್ಲಿ ಮರಳಿ ಬರುತ್ತದೆ. ಮೊಬೈಲ್ ಪರದೆಯೂ ಮೂಲತಃ ಇದೇ ಲೆಕ್ಕದ್ದು. ಅಡ್ಡಕ್ಕೆ 1080, ಉದ್ದಕ್ಕೆ 1920 ಚೌಕಗಳಿರುವ ಪರದೆಯಲ್ಲಿ ಒಟ್ಟು 20 ಲಕ್ಷಕ್ಕೂ ಹೆಚ್ಚು ಚೌಕಗಳಿವೆ, ಪ್ರತಿಯೊಂದಕ್ಕೂ ಯಾವ ಬಣ್ಣ ಎಂಬ ಆಜ್ಞೆ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಹೋಗುತ್ತಿರುತ್ತದೆ.

ಮಗ್ಗದಿಂದಲೇ ಕಂಪ್ಯೂಟರ್ ಹುಟ್ಟಿತು ಎಂದು ಉಬ್ಬಿಸಿ ಹೇಳುವ ರೂಢಿಯಿದೆ. ಅಷ್ಟು ದೂರ ಹೋಗಬೇಕಾಗಿಲ್ಲ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೂಢಿಗೆ ತಂದ ಈ ಪಟ್ಟಿಗಳನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಎರವಲು ಪಡೆದ, 1843ರ ತನ್ನ ಟಿಪ್ಪಣಿಗಳಲ್ಲಿ ಏಡಾ ಲವ್‌ಲೇಸ್ ಆ ನಂಟನ್ನು ಗುರುತಿಸಿದಳು ಎಂಬಷ್ಟು ಖಚಿತ. 1839ರಲ್ಲಿ ಸುಮಾರು 24,000 ಪಟ್ಟಿ ಬಳಸಿ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದನ್ನು ಬ್ಯಾಬೇಜ್ ಮನೆಯಲ್ಲಿಟ್ಟು ಬಂದವರಿಗೆ ತೋರಿಸುತ್ತಿದ್ದ. ನಮ್ಮ ವಾದಕ್ಕೆ ಬೇಕಾದದ್ದು ವಂಶಾವಳಿಯಲ್ಲ. ಮಗ್ಗ ಕಲಿಸುವ ಒಂದು ಬುದ್ಧಿ: ಚಿತ್ರ ಬೇರೆ, ಚಿತ್ರ ಮಾಡುವ ಕಟ್ಟಳೆ ಬೇರೆ. ಸೀರೆ ಮಾರಾಟವಾಗಿ ಹೋಗುತ್ತದೆ. ಪಟ್ಟಿಯ ಸರ ಮಗ್ಗದ ಮೇಲೆ ಉಳಿದು ಇನ್ನೊಂದು ಸೀರೆಗೆ ಸಿದ್ಧವಾಗಿರುತ್ತದೆ. ಗೇಮ್‌ನಲ್ಲಿ ಕಲಾವಿದರ ಕೃತಿ ಈ ಪಟ್ಟಿಯ ಸರದ ಜಾಗದಲ್ಲಿದೆ. ಪರದೆಯ ಮೇಲೆ ಕಾಣುವುದು ಆಡುವವರ ಹೆಜ್ಜೆಗೆ ತಕ್ಕಂತೆ ಆ ಕ್ಷಣ ನೇಯ್ದು, ಮರುಕ್ಷಣ ಬಿಚ್ಚಿ ಹಾಕಿದ ಬಟ್ಟೆ. ಇಲ್ಲಿಯೇ ವ್ಯತ್ಯಾಸವೂ ಇದೆ. ಮಗ್ಗದ ಪಟ್ಟಿಗೆ ಉಡುವವರು ಯಾರು ಎಂಬುದು ಗೊತ್ತಾಗುವುದಿಲ್ಲ, ಗೇಮಿನ ಕಟ್ಟಳೆ ಆಡುವವರ ನಡೆಯನ್ನು ಕಾದು ಕುಳಿತಿರುತ್ತದೆ. ಹಾಗಾಗಿ ಗೇಮ್ ಕೃತಿಯ ಬೆಲೆ ಕಟ್ಟುವಾಗ ಚಿತ್ರ ಎಷ್ಟು ಅಂದವಾಗಿದೆ ಎಂದು ಕೇಳುವುದಕ್ಕಿಂತ, ಅದರ ಕಟ್ಟಳೆ ನಮ್ಮಿಂದ ಏನು ಮಾಡಿಸುತ್ತದೆ, ಏನು ಮಾಡಗೊಡುವುದಿಲ್ಲ ಎಂದು ಕೇಳಬೇಕು.

ಈ ಪ್ರಶ್ನೆಯನ್ನೇ ಕೆಲಸವಾಗಿಸಿಕೊಂಡವರಿದ್ದಾರೆ. ಜರ್ಮನಿಯ ಸಿನಿಮಾ ಕಲಾವಿದ ಹಾರುನ್ ಫರೋಕಿ 2012ರಿಂದ 2014ರವರೆಗೆ ಮಾಡಿದ ‘ಪ್ಯಾರಲಲ್’ ಎಂಬ ನಾಲ್ಕು ಭಾಗಗಳ ಕೃತಿ ಗೇಮ್ ಲೋಕಗಳನ್ನು ಒಬ್ಬ ಭೂಗೋಳ ಶಾಸ್ತ್ರಜ್ಞನಂತೆ ಪರೀಕ್ಷಿಸುತ್ತದೆ. ಕೆಲವೇ ಗೆರೆ ಚುಕ್ಕೆಗಳಿಂದ ಮಾಡಿದ ಎಂಬತ್ತರ ದಶಕದ ಮರ ಮೂವತ್ತು ವರ್ಷಗಳಲ್ಲಿ ಎಲೆ ಎಲೆ ಅಲುಗುವ ಮರವಾದದ್ದು ಹೇಗೆ, ಗೇಮಿನ ಬಯಲಿನಲ್ಲಿ ನಡೆಯುತ್ತ ಹೋದರೆ ಲೋಕ ಮುಗಿಯುವುದು ಎಲ್ಲಿ, ಕಾಣದ ಗೋಡೆ ಎಲ್ಲಿ ಅಡ್ಡ ಬರುತ್ತದೆ ಎಂದು ಅದು ತೋರಿಸುತ್ತದೆ. ಅಮೆರಿಕದ ಜೋಸೆಫ್ ಡಿಲ್ಯಾಪ್ ಮಾಡಿದ್ದು ಇನ್ನೂ ನೇರ. ಯುವಕರನ್ನು ಸೇನೆಯತ್ತ ಸೆಳೆಯಲು ಅಮೆರಿಕದ ಸೇನೆಯೇ 2002ರಲ್ಲಿ ‘ಅಮೆರಿಕಾಸ್ ಆರ್ಮಿ’ ಎಂಬ ಯುದ್ಧದ ಗೇಮ್ ಹೊರತಂದಿತ್ತು. ಡಿಲ್ಯಾಪ್ 2006ರಿಂದ 2011ರವರೆಗೆ ಆ ಗೇಮಿನೊಳಗೆ ಹೋಗಿ, ಬಂದೂಕು ಕೆಳಗಿಟ್ಟು, ಇರಾಕ್ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಟೈಪ್ ಮಾಡುತ್ತ ನಿಂತರು. ಆಡುತ್ತಿದ್ದ ಇತರರಿಗೆ ಆ ಹೆಸರುಗಳು ಪರದೆಯ ಮೇಲೆ ಕಾಣುತ್ತಿದ್ದವು. ಅವರ ಗೊಂಬೆಯನ್ನು ಯಾರೋ ಹೊಡೆದು ಕೆಡವುತ್ತಿದ್ದರು, ಮುಂದಿನ ಸುತ್ತಿನಲ್ಲಿ ಹೆಸರು ಬರೆಯುವುದು ಮುಂದುವರಿಯುತ್ತಿತ್ತು. ಸತ್ತವರು ಮುಂದಿನ ಸುತ್ತಿಗೆ ಎದ್ದು ಬರುತ್ತಾರೆ ಎಂಬುದು ಆ ಗೇಮಿನ ಕಟ್ಟಳೆ. ಆ ಹೆಸರಿನವರು ಎದ್ದು ಬರುವುದಿಲ್ಲ ಎಂಬುದು ಡಿಲ್ಯಾಪ್ ಅದರೊಳಗೇ ತಂದಿಟ್ಟ ನಿಜ. ರಣಭೂಮಿಯನ್ನು ಗೆಲುವಿನ ಕಣವಾಗಿ ನೋಡದೆ ಸತ್ತವರ ಎದುರು ನಿಂತು ನಿಂತು ನಡೆಯುವ ಜಾಗವಾಗಿ ಮಾಡುವ ಈ ಬಗೆಗೆ ಕನ್ನಡದಲ್ಲಿ ಗದಾಯುದ್ಧಕ್ಕಿಂತ ಹತ್ತಿರದ ಪೂರ್ವಜ ಸಿಗುವುದು ಕಷ್ಟ.

ತೋರಣಗಲ್ಲಿನಿಂದ ಕೃಷ್ಣೆಯ ದಂಡೆಗೆ

ಕರ್ನಾಟಕದ ನೆಲವೇ ಇಂಥ ಪರದೆಯ ಜಾಗವಾದ ಉದಾಹರಣೆಯಿದೆ. ಸೈಕಲ್ಲಿನ ಕೃತಿ ಮಾಡಿದ ಜೆಫ್ರಿ ಶಾ, ಸಾರಾ ಕೆಂಡರ್ಡೀನ್ ಅವರೊಂದಿಗೆ ಸೇರಿ 2006ರಲ್ಲಿ ‘ಪ್ಲೇಸ್-ಹಂಪಿ’ ಮಾಡಿದರು. ವೃತ್ತಾಕಾರದ ಪರದೆಯ ನಡುವೆ ತಿರುಗುವ ವೇದಿಕೆ. ಅದರ ಮೇಲೆ ನಿಂತು ವಿಶೇಷ ಕನ್ನಡಕ ಹಾಕಿಕೊಂಡವರು ಹಂಪಿಯ ಗುಡ್ಡ, ಗುಡಿ, ಮಂಟಪಗಳ ನಡುವೆ ತಾವೇ ದಾರಿ ಆರಿಸಿ ಸಂಚರಿಸಬಹುದು. ಜಾನ್ ಗೋಲಿಂಗ್ಸ್ ತೆಗೆದ ಸುತ್ತುನೋಟದ ಚಿತ್ರಗಳ ಒಳಗೆ ಪುರಾಣದ ದೇವತೆಗಳು ಅನಿಮೇಷನ್ ರೂಪದಲ್ಲಿ ಕಾಣಿಸಿಕೊಳ್ಳುತ್ತಾರೆ. ಯುರೋಪಿನಲ್ಲಿ ಪ್ರದರ್ಶನಗೊಂಡ ಈ ಕೃತಿ ತೋರಣಗಲ್ಲು ಹತ್ತಿರದ ‘ಕಲಾಧಾಮ’ ಕಲಾಕೇಂದ್ರದಲ್ಲಿ ನೆಲೆ ಕಂಡಿತು. ಇತ್ತ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಡಿಜಿಟಲ್ ಹಂಪಿ’ ಯೋಜನೆಯಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನವರೂ ಪಾಲ್ಗೊಂಡರು. ಅಂದರೆ ಉತ್ತರ ಕರ್ನಾಟಕದಲ್ಲಿ ತಂತ್ರದ ಕೊರತೆಯೇನಿಲ್ಲ. ಆದರೂ ನಮ್ಮ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು. ಆ ವೇದಿಕೆಯ ಮೇಲೆ ನಿಂತವರು ತಿರುಗಬಹುದು, ನೋಡಬಹುದು, ಬೆರಗಾಗಬಹುದು. ತಮ್ಮ ಆಯ್ಕೆಯಿಂದ ಯಾವುದನ್ನೂ ಕೆಡಿಸಲಾರರು, ಯಾವುದಕ್ಕೂ ಬೆಲೆ ತೆರಬೇಕಾಗಿಲ್ಲ. ಜಾಗ ಭವ್ಯವಾಗಿದೆ, ಕಟ್ಟಳೆ ತೆಳುವಾಗಿದೆ. ಪ್ರವಾಸಿಯ ಕಣ್ಣಿಗೆ ಅಷ್ಟು ಸಾಕಿರಬಹುದು. ಅಲ್ಲಿಯವರ ಬದುಕು ಅಷ್ಟರಲ್ಲಿ ಬರುವುದಿಲ್ಲ.

ಕಟ್ಟಳೆ ದಟ್ಟವಾಗಿರುವ ಕೃತಿಗಳಿಗೆ ದೊಡ್ಡ ಸಭಾಂಗಣವೂ ಬೇಕಿಲ್ಲ, ದೊಡ್ಡ ಊರೂ ಬೇಕಿಲ್ಲ. ದಕ್ಷಿಣ ಗುಜರಾತಿನ ಚಲಾ ಎಂಬ ಸಣ್ಣ ಊರಿನಲ್ಲಿ ಧ್ರುವ ಜಾನಿ ಕಟ್ಟಿದ ‘ಸ್ಟುಡಿಯೊ ಓಲಿಯೊಮಿಂಗಸ್’ ಇದಕ್ಕೆ ಸಾಕ್ಷಿ. 2017ರಲ್ಲಿ ಬಂದ ಅವರ ‘ಎ ಮ್ಯೂಸಿಯಂ ಆಫ್ ಡ್ಯೂಬಿಯಸ್ ಸ್ಪ್ಲೆಂಡರ್ಸ್’ ಒಂದು ಗೇಮ್. ಅದರಲ್ಲಿ ಗೆಲ್ಲಲು ಏನೂ ಇಲ್ಲ, ಕೋಣೆಯಿಂದ ಕೋಣೆಗೆ ನಡೆಯಬೇಕು. ಒಂದೊಂದು ಕೋಣೆಯಲ್ಲೂ ಅಳತೆಗೆಟ್ಟ ವಸ್ತುಗಳು, ಜೊತೆಗೆ ಮೀರ್ ಉಮರ್‌ಹಸನ್ ಎಂಬ ಕವಿಯದೆಂದು ಹೇಳಲಾದ ಕಥೆಗಳು. ಅಂಥ ಕವಿ ಇರಲೇ ಇಲ್ಲ; ಆತ ಸ್ಟುಡಿಯೊದ ಕಲ್ಪನೆ. ವಸಾಹತು ಕಾಲದ ಇತಿಹಾಸವನ್ನು ಯಾರು ಬರೆದರು, ಯಾವ ಕಾಗದವನ್ನು ನಂಬಬೇಕು ಎಂಬ ಅನುಮಾನವನ್ನು ನಡೆಯುವವರ ತಲೆಯಲ್ಲೇ ಹುಟ್ಟಿಸುವುದು ಆ ಗೇಮಿನ ಕೆಲಸ. ಆಫ್ರಾ ಶಫೀಕ್ ಅವರ ‘ಸುಲ್ತಾನಾಸ್ ರಿಯಾಲಿಟಿ’ (2017) ಕಂಪ್ಯೂಟರಿನ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಹಳೆಯ ಸಂಗ್ರಹಗಳ ಚಿತ್ರಗಳನ್ನು ಕ್ಲಿಕ್ಕಿಸುತ್ತ ಹೋದಂತೆ ಹೆಣ್ಣುಮಕ್ಕಳು ಪುಸ್ತಕ ಕೈಗೆತ್ತಿಕೊಂಡ ಕಥೆ ಬಿಚ್ಚಿಕೊಳ್ಳುತ್ತದೆ. ಎರಡಕ್ಕೂ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಮ್ಮ ನೆಲದ ಕಥೆ ಗೊತ್ತಿರುವ ಒಬ್ಬರ ಛಲ.

ಕೃಷ್ಣಾ, ಘಟಪ್ರಭಾ ನದಿಗಳ ಸೀಮೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಅಂಥ ಕಥೆಗೆ ಬರವಿಲ್ಲ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದ ಬೀಳಗಿ ತಾಲ್ಲೂಕಿನ ಹಲವು ಊರುಗಳು ನೆಲೆ ಬದಲಿಸಿವೆ. ಈಗ 519.60 ಮೀಟರ್ ಇರುವ ನೀರಿನ ಗರಿಷ್ಠ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು ಕೃಷ್ಣಾ ಎರಡನೆಯ ನ್ಯಾಯಮಂಡಳಿಯ 2010ರ ತೀರ್ಪಿನಿಂದ ಜೀವಂತವಾಗಿದೆ. ಮುಳುಗಿದ ಊರಿನ ಫೋಟೊ ಇರಬಹುದು, ಹಾಡಿರಬಹುದು. ಆದರೆ ಅಗಸಿಯಿಂದ ಹೊಕ್ಕು, ಗುಡಿಯ ಕಟ್ಟೆ ಬಳಸಿ, ಯಾರ ಓಣಿಯಿಂದ ಯಾರು ಹಾಯಬಹುದಿತ್ತು, ಯಾರು ಹಾಯುವಂತಿರಲಿಲ್ಲ ಎಂಬ ಊರಿನ ಒಳಗಟ್ಟು ನಡೆದರಷ್ಟೇ ಗೊತ್ತಾಗುವಂಥದ್ದು. ಹಿರಿಯರ ನೆನಪಿನ ನಕ್ಷೆಯಿಂದ ಅಂಥ ಒಂದು ಊರನ್ನು ಪರದೆಯಲ್ಲಿ ಎಬ್ಬಿಸಿದರೆ ಅದು ಬರೀ ಹಳಹಳಿಕೆಯಾಗಬೇಕಿಲ್ಲ. ಒಬ್ಬರಿಗೆ ತೆರೆಯುವ ಬಾಗಿಲು ಇನ್ನೊಬ್ಬರಿಗೆ ತೆರೆಯದಂತೆ ಕಟ್ಟಳೆ ಬರೆದರೆ ಕಳೆದುಹೋದ ಊರಿನ ಸಿಹಿಯೂ ಕಹಿಯೂ ಆಡುವವರ ಅನುಭವಕ್ಕೆ ಬರುತ್ತವೆ. ಇನ್ನು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರು ಬಂತು. ಅದೇ ಸೀಮೆ 2019ರ ಆಗಸ್ಟಿನಲ್ಲಿ ನೆರೆಗೆ ಸಿಕ್ಕಿ ತತ್ತರಿಸಿತು. ಮೇಲಿನವರು ಬಿಟ್ಟ ನೀರು, ಕೆಳಗೆ ತಡೆದ ನೀರು, ನಡುವೆ ಕಬ್ಬಿನ ದಾಹ: ಇದು ನಾಯಕ-ಖಳನಾಯಕರ ಕಥೆಯಲ್ಲ, ಹಲವರ ನಿರ್ಧಾರಗಳು ಒಂದಕ್ಕೊಂದು ತಾಗಿ ಆಗುವ ಪರಿಣಾಮ. ಸಿನಿಮಾ ಇದನ್ನು ಒಬ್ಬರ ಕಣ್ಣೀರಿನಲ್ಲಿ ಹೇಳುತ್ತದೆ. ಗೇಮ್ ಆಡುವವರ ಕೈಗೇ ಗೇಟಿನ ಚಕ್ರ ಕೊಟ್ಟು, ಬಿಟ್ಟರೆ ಯಾರು ಮುಳುಗುತ್ತಾರೆ, ತಡೆದರೆ ಯಾರು ಒಣಗುತ್ತಾರೆ ಎಂದು ಅನುಭವಿಸುವಂತೆ ಮಾಡಬಲ್ಲದು. ಕಟ್ಟಳೆಗಳ ಮೂಲಕವೇ ವಾದ ಮಂಡಿಸುವ ಈ ಶಕ್ತಿಯ ಬಗ್ಗೆ ಇಯನ್ ಬೊಗೊಸ್ಟ್ 2007ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಆಕ್ಷೇಪಗಳು

ಮೊದಲ ಆಕ್ಷೇಪ ಕಲೆಯ ಒಡೆತನದ್ದು. ಆಡುವವರು ತಮಗೆ ಬೇಕಾದಂತೆ ತಿರುಗಿಸಬಹುದಾದರೆ ಕಲಾವಿದರ ಹಿಡಿತ ಎಲ್ಲಿ ಉಳಿಯಿತು? ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಇದೇ ತರ್ಕದಿಂದ ಹೊರಟು, ಗೇಮ್‌ಗಳು ಎಂದೂ ಕಲೆಯಾಗಲಾರವು ಎಂದು 2010ರಲ್ಲಿ ಖಡಾಖಂಡಿತವಾಗಿ ಬರೆದರು. ಆಡಿ ನೋಡದೆ ಆ ಮಾತು ಹೇಳಬಾರದಿತ್ತೆಂದು ಅದೇ ವರ್ಷ ಒಪ್ಪಿಕೊಂಡರು. ಎರಡು ವರ್ಷಗಳ ಮೇಲೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಆದರೆ ಸಂಗ್ರಹಾಲಯದ ಮುದ್ರೆ ಉತ್ತರವಲ್ಲ. ಉತ್ತರ ಈ ಸೀಮೆಯ ಶ್ರೀಕೃಷ್ಣ ಪಾರಿಜಾತದಲ್ಲಿದೆ. ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿ ಬೆಳೆಸಿದ, ಕೌಜಲಗಿ ನಿಂಗಮ್ಮನಂಥವರು ಮನೆಮಾತಾಗಿಸಿದ ಆ ಸಣ್ಣಾಟದಲ್ಲಿ ಕಥೆಯ ಚೌಕಟ್ಟು ಗಟ್ಟಿ: ಪಾರಿಜಾತದ ಹೂ ರುಕ್ಮಿಣಿಗೆ ಹೋಗಬೇಕು, ಸತ್ಯಭಾಮೆ ಮುನಿಯಬೇಕು. ಆದರೆ ಭಾಗವತ ಏನು ಕೇಳುತ್ತಾನೆ, ದೂತಿ ಏನು ತಿರುಗಿಸಿ ಹೇಳುತ್ತಾಳೆ, ಕೂಡಿದ ಜನರ ನಗೆಗೆ ಮಾತು ಎಷ್ಟು ಉದ್ದವಾಗುತ್ತದೆ ಎಂಬುದು ಆ ರಾತ್ರಿಯದು. ಅದರಿಂದ ಪಾರಿಜಾತ ಯಾರ ಕೃತಿಯೂ ಅಲ್ಲ ಎಂದು ಯಾರೂ ಹೇಳುವುದಿಲ್ಲ. ಸಾಧ್ಯತೆಗಳ ಗಡಿ ಹಾಕುವುದೂ ಕರ್ತೃತ್ವವೇ.

ಎರಡನೆಯದು ಹೆತ್ತವರ ಆಕ್ಷೇಪ, ಮತ್ತು ಅದು ಹಗುರವಾದದ್ದಲ್ಲ. ಗೇಮಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2025ರ ಕೇಂದ್ರದ ಕಾಯ್ದೆ ನಿಷೇಧ ಹೇರಿತು. ಇಷ್ಟೆಲ್ಲ ಇರುವಾಗ ಗೇಮನ್ನು ಕಲೆಯೆಂದು ಎತ್ತಿ ಆಡಿಸುವುದು ಸರಿಯೇ? ಇಲ್ಲಿ ಎರಡು ಸಂಗತಿಗಳನ್ನು ಬೇರೆಯಾಗಿ ನೋಡಬೇಕು. ಗೀಳು ಹಿಡಿಸುವ ಗೇಮ್ ತನ್ನ ಕಟ್ಟಳೆಯನ್ನು ಬಚ್ಚಿಡುತ್ತದೆ. ಇನ್ನೊಂದು ಸುತ್ತು, ಇನ್ನೊಂದು ಬಹುಮಾನ ಎಂದು ಎಳೆಯುವ ಲೆಕ್ಕ ಆಡುವವರಿಗೆ ಕಾಣಬಾರದು ಎಂಬುದೇ ಅದರ ಜಾಣತನ. ಆರ್ಕೇಂಜಲ್, ಫರೋಕಿ, ಡಿಲ್ಯಾಪ್ ಮಾಡಿದ್ದು ಅದರ ತಿರುಗುಮುರುಗು: ಬಲೆಯ ಹೆಣಿಗೆಯನ್ನು ಬೆಳಕಿಗೆ ಹಿಡಿಯುವುದು. ಒಂದು ಸಣ್ಣ ಗೇಮನ್ನು ತಾನೇ ಕಟ್ಟಿದ ಹುಡುಗಿಗೆ ಇನ್ನೊಬ್ಬರ ಗೇಮ್ ತನ್ನನ್ನು ಎಲ್ಲಿ ಹಿಡಿದು ಕೂರಿಸುತ್ತಿದೆ ಎಂಬುದು ಬೇಗ ಹೊಳೆಯುತ್ತದೆ. ಕೈಯಿಂದ ಫೋನ್ ಕಿತ್ತುಕೊಳ್ಳುವುದು ಒಂದು ಸಂಜೆಯ ಪರಿಹಾರ, ಕಟ್ಟಳೆ ಓದಲು ಕಲಿಸುವುದು ಬಹುಕಾಲ ಬಾಳುವಂಥದ್ದು.

ಮೂರನೆಯದು, ಇದೆಲ್ಲ ಬೆಂಗಳೂರಿನ ಉಳ್ಳವರ ಕಲೆ ಎಂಬುದು. ಇದರಲ್ಲಿ ನಿಜವಿದೆ. ಇಂಥ ಕೃತಿಗಳಿಗೆ ಜಾಗ ಕೊಡಬಲ್ಲ ಸಂಸ್ಥೆಗಳು, 2009ರಲ್ಲಿ ಶುರುವಾದ ‘ಜಾಗ’ ಎಂಬ ಹೆಸರಿನ ಸಂಸ್ಥೆ, 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ, 2024ರ ಸೈನ್ಸ್ ಗ್ಯಾಲರಿ, ಎಲ್ಲವೂ ರಾಜಧಾನಿಯಲ್ಲಿವೆ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. ಇಂಥ ನೀತಿಗಳು ಮುಖ್ಯವಾಗಿ ಉದ್ಯಮ, ಉದ್ಯೋಗಗಳ ಭಾಷೆಯಲ್ಲಿ ಮಾತಾಡುತ್ತವೆ. ಆದರೆ ಸಾಧನ ಈಗ ದುಬಾರಿಯಲ್ಲ. ‘ಬಿಟ್ಸಿ’ ಎಂಬ ಪುಟ್ಟ ಉಚಿತ ಸಾಧನದಲ್ಲಿ ಎಂಟಕ್ಕೆ ಎಂಟು ಚೌಕಗಳ ತುಂಡುಗಳಿಂದ ಗೇಮ್ ಕಟ್ಟಬಹುದು. ಗ್ರಾಫ್ ಹಾಳೆಯಲ್ಲಿ ಹೂ ಇಳಿಸುವವರಿಗೆ ಆ ಲೆಕ್ಕ ನೀರು ಕುಡಿದಷ್ಟು ಸಲೀಸು. ‘ಗೊಡೊ’ ಎಂಬ ಮುಕ್ತ ತಂತ್ರಾಂಶವೂ ಉಚಿತ. ಅದರ ಹಿಂದಿನ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ; 2023ರ ನಾಲ್ಕನೆಯ ಆವೃತ್ತಿಯಿಂದ ಆ ತೊಡಕು ನೀಗಿ, ಕನ್ನಡದಲ್ಲೇ ಮಾತಾಡುವ ಗೇಮ್ ಕಟ್ಟಲು ದಾರಿಯಾಗಿದೆ. ಇನ್ನು, ಮಗ್ಗ ನಡೆಸಿ ಹೊಟ್ಟೆ ತುಂಬದವರಿಗೆ ಮಗ್ಗವೇ ಕಂಪ್ಯೂಟರಿನ ಅಜ್ಜಿ ಎಂದು ಹೊಗಳಿದರೆ ಏನು ಬಂತು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಮಾತು. ನೇಕಾರರ ಕೂಲಿಯ ಪ್ರಶ್ನೆಗೆ ಕಲೆ ಉತ್ತರವಲ್ಲ. ಹಾಗೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟು: ಅವರ ಮಕ್ಕಳು ಕಂಪ್ಯೂಟರಿನ ಮುಂದೆ ಕೂತಾಗ ಬರಿಗೈಯಲ್ಲಿ ಬಂದವರಲ್ಲ, ಅವರಿಗೆ ಕಲಿಸುವವರು ಅದನ್ನು ಅರಿತಿರಬೇಕು.

ಕೊನೆಯ ಆಕ್ಷೇಪ ಬಾಳಿಕೆಯದು. ಬಾದಾಮಿಯ ಕಲ್ಲು ಹದಿನಾಲ್ಕು ಶತಮಾನ ನಿಂತಿದೆ; ಗೇಮ್ ಓಡಿಸುವ ಯಂತ್ರ ಹದಿನಾಲ್ಕು ವರ್ಷಕ್ಕೆ ಹಳತಾಗುತ್ತದೆ. ಪೈಕ್ ಬಳಸಿದ ದಪ್ಪ ಟಿ.ವಿ.ಗಳು ಈಗ ತಯಾರಾಗುವುದಿಲ್ಲ, ಸಂಗ್ರಹಾಲಯಗಳಿಗೆ ಅವುಗಳನ್ನು ಉಳಿಸುವುದೇ ತಲೆನೋವು. ಆದರೆ ಉಳಿಯುವುದಕ್ಕೆ ಕಲ್ಲಿನ ದಾರಿಯೊಂದೇ ಅಲ್ಲ. ಪಾರಿಜಾತ ಉಳಿದದ್ದು ಮತ್ತೆ ಮತ್ತೆ ಆಡಿದ್ದರಿಂದ, ರನ್ನ ಉಳಿದದ್ದು ಓಲೆಯಿಂದ ಓಲೆಗೆ ನಕಲಾಗಿ. ಆರ್ಕೇಂಜಲ್ ತಮ್ಮ ಮೋಡಗಳ ಪ್ರೋಗ್ರಾಮನ್ನು, ಅದನ್ನು ಮಾಡುವ ವಿಧಾನವನ್ನು ಎಲ್ಲರಿಗೂ ತೆರೆದಿಟ್ಟಿದ್ದು ಇದೇ ದಾರಿ. ಕಟ್ಟಳೆ ಬಹಿರಂಗವಾಗಿದ್ದರೆ ಹೊಸ ಯಂತ್ರದ ಮೇಲೆ ಯಾರಾದರೂ ಮತ್ತೆ ಕಟ್ಟಬಹುದು.

ಹಾಗಾದರೆ ಮಾಡಬೇಕಾದದ್ದೇನು? ಜಮಖಂಡಿಗೋ ಬನಹಟ್ಟಿಗೋ ಒಂದು ಹೊಳೆಯುವ ಡಿಜಿಟಲ್ ಸಭಾಂಗಣ ತಂದು ನಿಲ್ಲಿಸುವುದರಿಂದ ಶುರು ಮಾಡಬೇಕಿಲ್ಲ. ಕಟ್ಟಡ ಬಂದು ಕೃತಿ ಬರದೇ ಇದ್ದ ಉದಾಹರಣೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಶಾಲೆಯ ಚಿತ್ರಕಲೆಯ ತರಗತಿಗೆ ಒಬ್ಬ ಡಿಸೈನ್ ಬರೆಯುವ ನೇಕಾರ, ಕನ್ನಡ ತರಗತಿಗೆ ರನ್ನನ ರಣಭೂಮಿ, ಕಂಪ್ಯೂಟರ್ ತರಗತಿಗೆ ಒಂದು ಉಚಿತ ಸಾಧನ: ಈ ಮೂರನ್ನು ಬೇರೆ ಬೇರೆ ಪೀರಿಯಡ್‌ಗಳಲ್ಲಿ ಕೂಡಿಹಾಕದೆ ಒಂದೇ ಮೇಜಿಗೆ ತರುವ ಒಬ್ಬ ಮೇಷ್ಟ್ರು ಸಾಕು, ಕೆಲಸ ಮೊದಲಾಗುತ್ತದೆ. ಅಲ್ಲಿಂದ ಬರುವ ಕೃತಿಗಳನ್ನು ತೂಗುವಾಗ ಪ್ಯಾರಿಸ್ಸಿನಲ್ಲಿ ಪ್ರದರ್ಶನವಾಯಿತೇ, ಎಷ್ಟು ಡೌನ್‌ಲೋಡ್ ಆಯಿತು ಎಂಬ ಅಳತೆಗಳನ್ನು ಪಕ್ಕಕ್ಕಿಡಬಹುದು. ಕೇಳಬೇಕಾದ ಪ್ರಶ್ನೆಗಳು ಎರಡೇ: ಈ ಜಾಗದಲ್ಲಿ ನಡೆದ ಮೇಲೆ ನಮ್ಮ ಊರಿನ ನೀರು, ನೆಲ, ದುಡಿಮೆಗಳ ಹಿಂದಿನ ಕಟ್ಟಳೆ ಮೊದಲಿಗಿಂತ ಸ್ಪಷ್ಟವಾಗಿ ಕಂಡಿತೇ? ಆ ಕಟ್ಟಳೆಯನ್ನು ಬದಲಿಸಬಹುದು ಎಂಬ ಅರಿವು ಬಂತೇ? ಎರಡಕ್ಕೂ ಹೌದೆಂಬ ಉತ್ತರ ಬಂದರೆ, ಅದನ್ನು ಕಲೆಯೆಂದು ಕರೆಯಲು ಯಾವ ಮಹಾನಗರದ ಅಪ್ಪಣೆಯೂ ಬೇಕಾಗುವುದಿಲ್ಲ.